ಗುಲಾಬಿ ಕೆನ್ನೆಯ ಹುಡುಗಿ, ಸೊಂಡಿಲಿನ ಸಿಂಹ ಮತ್ತು ಒಂದು ಕಾಗೆ

"ಯಾರ್ಲಾ ಇವ್ಳು?"

ಅಕ್ಕ ಕೇಳಿದ್ದು ಇಷ್ಟೇ. ಶನಿವಾರ ಬೆಳಗ್ಗೆ ತಾಂಡವಪುರದ ನಮ್ಮ ಮನೆ ಜಗಲಿ ಮೇಲೆ ಕೂತು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ್ದೆ. ಪರದೆ ಮೇಲೆ ಒಬ್ಬಳು ಕಾರ್ಟೂನ್ ಹುಡುಗಿ. ಮುಖದಲ್ಲಿ ಅರ್ಧ ಕಣ್ಣೇ. ಗುಲಾಬಿ ಕೆನ್ನೆ, ಮೂಗುತಿ, ಎರಡು ಜಡೆ, ಜಡೆಗೆ ಮಲ್ಲಿಗೆ, ಕೈಯಲ್ಲೊಂದು ಸೋಪು, ಸುತ್ತಲೂ ನೊರೆಗುಳ್ಳೆ. ಆಫೀಸಿನ ಕೆಲಸ ಮುಗಿಸಿ ಎರಡು ರಾತ್ರಿ ಎಐ ಟೂಲಿನ ಮುಂದೆ ಕೂತು, ನಲವತ್ತು ಚಿತ್ರ ತೆಗೆಸಿ, ಅದರಲ್ಲಿ ಒಂದನ್ನು ಆರಿಸಿ ತಂದಿದ್ದೆ. ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ.

"ನಿನ್ನ ಸೋಪಿನ ಮ್ಯಾಸ್ಕಾಟ್ ಕಣಕ್ಕ."

"ಅದೇನಾರ ಆಗ್ಲಿ. ನಮ್ಮನೇಲಿ ಇಂಥೋರ್ ಯಾರವ್ರೆ?"

ನಾನು ನಕ್ಕೆ. ಅವಳು ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ, ಸೋಪಿನ ಪೊಟ್ಟಣದ ಮೇಲಿರುವ ಮುಖಗಳ ಬಗ್ಗೆ ನಾನು ಇಷ್ಟು ವರ್ಷ ಏನೂ ಯೋಚನೆಯನ್ನೇ ಮಾಡಿರಲಿಲ್ಲ ಅನ್ನೋದು ಗೊತ್ತಾಯಿತು. ಈ ಬರಹ ಅದರ ಲೆಕ್ಕ.

ಮೊದಲು ಅಕ್ಕನ ಕೆಲಸದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಅವಳನ್ನು ಕೊಟ್ಟಿರುವುದು ನಮ್ಮೂರಿಗೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾವ ನಂಜನಗೂಡು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಅಕ್ಕ ಮತ್ತು ಅವಳ ಜೊತೆಯ ಮೂವರು ಹೆಂಗಸರು ಎರಡು ವರ್ಷದಿಂದ ಸೋಪು, ಸೀಗೆಪುಡಿ, ಮೈಗೆ ಹಚ್ಚುವ ಹೆಸರುಹಿಟ್ಟಿನ ಪುಡಿ ಮಾಡುತ್ತಿದ್ದಾರೆ. ಬೆಂಗಳೂರಿನಲ್ಲಿ ನಾವು ಇದಕ್ಕೆ 'ಹ್ಯಾಂಡ್‌ಮೇಡ್ ಕಾಸ್ಮೆಟಿಕ್ಸ್' ಅನ್ನುತ್ತೇವೆ. ಅಕ್ಕ 'ಸೋಪು ಕಾಯ್ಸೋದು' ಅನ್ನುತ್ತಾಳೆ. ನಿಜಕ್ಕೂ ಅದನ್ನು ಕಾಯಿಸುವುದಿಲ್ಲ, ಎಣ್ಣೆಯನ್ನು ಬೆಚ್ಚಗೆ ಮಾಡುತ್ತಾರೆ ಅಷ್ಟೇ. ಆದರೂ ಮಾತು ಹಾಗೇ ಉಳಿದಿದೆ.

ನೋಡಲು ಸುಲಭ ಅನ್ನಿಸುವ ಈ ಕೆಲಸ ಕರಾರುವಾಕ್ಕಾದ ಲೆಕ್ಕದ ಕೆಲಸ. ಒಂದು ಕೆಜಿ ತೆಂಗಿನೆಣ್ಣೆ ಪೂರ್ತಿ ಸೋಪಾಗಬೇಕಾದರೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮಕ್ಕೆ ಹಿತವಾಗಿರಲಿ, ಸ್ವಲ್ಪ ಎಣ್ಣೆ ಹಾಗೇ ಉಳಿಯಲಿ ಅಂತ ಶೇಕಡಾ 5ರಷ್ಟು ಕಡಿಮೆ ಮಾಡಿದರೆ 174 ಗ್ರಾಂ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು, ಸೋಡಾ ಅದನ್ನು ತಿಂದುಬಿಡುತ್ತದೆ. ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಿಸಬೇಕು. ಅಕ್ಕನ ಬಲ ಮಣಿಕಟ್ಟಿನ ಮೇಲೆ ಎರಡು ಸುಟ್ಟ ಕಲೆಗಳಿವೆ. ಗ್ಲೌಸ್ ಹಾಕಿಕೊಳ್ಳುವುದನ್ನು ಕಲಿಯುವ ಮೊದಲು ಆದದ್ದು.

ಈಗ ನನ್ನ ಗುಲಾಬಿ ಕೆನ್ನೆಯವಳನ್ನು ನೋಡಿ. ಅವಳ ಕೈ ಐದು ಬೆರಳಿನ ಬೆಣ್ಣೆಮುದ್ದೆ. ಆ ಕೈ ತಕ್ಕಡಿ ಹಿಡಿದಿಲ್ಲ, ಸೋಡಾ ಕಲಸಿಲ್ಲ, ಸೋಪನ್ನು ಕತ್ತರಿಸಿಲ್ಲ. ಪೊಟ್ಟಣದ ಮೇಲೆ 'ಕೈಯಿಂದ ಮಾಡಿದ್ದು' ಅಂತ ಬರೆದು, ಅದರ ಪಕ್ಕದಲ್ಲೇ ಏನೂ ಮಾಡದ ಕೈಯ ಚಿತ್ರ ಹಾಕಲು ಹೊರಟಿದ್ದೆ. ಇದು ನನ್ನೊಬ್ಬನ ತಪ್ಪಲ್ಲ. ಮೈಸೂರಿನ ಆರ್ಗ್ಯಾನಿಕ್ ಸಂತೆಗೋ, ಬೆಂಗಳೂರಿನ ವಾರಾಂತ್ಯದ ಮೇಳಕ್ಕೋ ಹೋದಾಗ ಸೋಪಿನ ಟೇಬಲ್ಲುಗಳ ಮುಂದೆ ಒಮ್ಮೆ ನಿಂತು ನೋಡಿ. ಹೆಸರು ಬೇರೆ ಬೇರೆ, ಮುಖ ಒಂದೇ. ಕಣ್ಣು ಮುಚ್ಚಿ ಹೂ ಮೂಸುವ ಹುಡುಗಿ, ಅಥವಾ ಕಣ್ಣು ದೊಡ್ಡದು ಮಾಡಿ ನಗುವ ಹುಡುಗಿ. ಇಬ್ಬರೂ ಬೆಳ್ಳಗೆ.

ಎಐ ಟೂಲು ಯಾಕೆ ಇಂಥ ಮುಖ ಕೊಡುತ್ತದೆ ಅನ್ನೋದು ನನ್ನಂಥ ಇಂಜಿನಿಯರಿಗೆ ಒಗಟೇನಲ್ಲ. ಅದು ಇಂಟರ್ನೆಟ್ಟಿನಲ್ಲಿ ಇರುವ ಚಿತ್ರಗಳನ್ನು ನೋಡಿ ಕಲಿತಿದೆ. 'ಮುದ್ದಾದ', 'ಭಾರತದ', 'ಸೋಪು' ಅಂದರೆ ಆ ಪದಗಳ ಜೊತೆ ಹೆಚ್ಚಾಗಿ ಬಂದ ಮುಖ ಯಾವುದೋ ಅದನ್ನೇ ಎತ್ತಿಕೊಡುತ್ತದೆ. ಅಕ್ಕ ಒಳಗೆ ಹೋದ ಮೇಲೆ, ಹಟಕ್ಕೆ ಬಿದ್ದು 'ಕಪ್ಪು ಮೈಬಣ್ಣದ ಹಳ್ಳಿ ಹೆಂಗಸು' ಅಂತ ಟೈಪ್ ಮಾಡಿದೆ. ಬಂದಳು. ಹರಿದ ಸೀರೆ, ತಲೆ ಮೇಲೆ ಕೊಡ, ಹಿಂದೆ ಬಿರುಕು ಬಿಟ್ಟ ನೆಲ, ಕಣ್ಣಲ್ಲಿ ದುಃಖ. ಬೆಳ್ಳಗಿದ್ದರೆ ಕಾರ್ಟೂನು, ಕಪ್ಪಗಿದ್ದರೆ ಡಾಕ್ಯುಮೆಂಟರಿ! ನಗುವ ಹಕ್ಕೂ ಮೈಬಣ್ಣದ ಜೊತೆಗೇ ಬರುತ್ತದೆ ಅಂತ ಆ ಮೆಷೀನಿಗೆ ಕಲಿಸಿದವರು ನಾವೇ. ಅಷ್ಟು ವರ್ಷ ಅಂಥ ಚಿತ್ರಗಳನ್ನೇ ಮಾಡಿ ಅಪ್‌ಲೋಡ್ ಮಾಡಿದ್ದೇವೆ.

ಒಬ್ಬ ಒಳ್ಳೆಯ ಕಲಾವಿದನಿಗೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಅನ್ನುತ್ತೀರಾ? ಹಾಗಾದರೆ ನಮ್ಮ ದೇಶದ ಒಳ್ಳೆಯ ಮ್ಯಾಸ್ಕಾಟುಗಳನ್ನೇ ತೆಗೆದುಕೊಳ್ಳೋಣ.

ಅಮುಲ್ ಹುಡುಗಿ ಬಂದಿದ್ದು 1966ರಲ್ಲಿ. ಸಿಲ್ವೆಸ್ಟರ್ ಡಕುನ್ಹಾ ಅವರ ಜಾಹೀರಾತು ತಂಡದಲ್ಲಿ ಯುಸ್ಟೇಸ್ ಫರ್ನಾಂಡಿಸ್ ಬರೆದ ಚಿತ್ರ. ನೀಲಿ ಕೂದಲು, ಚುಕ್ಕೆ ಫ್ರಾಕು. ಅವಳ ಯಶಸ್ಸಿನ ಗುಟ್ಟು ಅವಳ ಚಂದದಲ್ಲಿಲ್ಲ, ಬಾಯಲ್ಲಿದೆ. ಊರಲ್ಲಿ ಏನೇ ನಡೆದರೂ ಅವಳದೊಂದು ಮಾತು ಇರುತ್ತದೆ. ಒಳ್ಳೆಯ ಪಾತ್ರ, ಒಪ್ಪೋಣ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕುವ ಹೆಂಗಸಿಗೂ ಅವಳಿಗೂ ಏನು ನೆಂಟಸ್ತನ? ಅವಳು ಬೆಣ್ಣೆ ತಿನ್ನುವವರ ಮನೆ ಮಗು. ಸಹಕಾರ ಸಂಘ ಹಾಲು ಕರೆಯುವವರದು, ಅದರ ಮುಖ ಮಾತ್ರ ತಿನ್ನುವವರದು.

ಇನ್ನು ನಿರ್ಮಾ. ಅಕ್ಕನ ಕತೆಗೆ ಇದು ತುಂಬಾ ಹತ್ತಿರ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಮನೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಪುಡಿ ಮಾಡಿ ಸೈಕಲ್ ಮೇಲೆ ಮನೆ ಮನೆಗೆ ಮಾರಿದರು. ನಿರ್ಮಾ ಅನ್ನೋ ಹೆಸರು ಅವರ ಮಗಳು ನಿರುಪಮಾಳದು. ಅವಳು ಅಪಘಾತದಲ್ಲಿ ತೀರಿಕೊಂಡಳು. ಬಿಳಿ ಫ್ರಾಕು ಹಾಕಿಕೊಂಡು ಗಿರಗಿರ ಸುತ್ತುವ ಆ ಹುಡುಗಿಯನ್ನು ಟೀವಿಯಲ್ಲಿ ನೋಡುತ್ತಾ ನಾವು ಬೆಳೆದೆವು, ಅವಳು ಬೆಳೆಯಲಿಲ್ಲ. ಈ ಚಿತ್ರವನ್ನು ನಾನು ಟೀಕಿಸಲಾರೆ. ಒಂದು ಸಣ್ಣ ವ್ಯಾಪಾರದ ಗುರುತು ಆ ಮನೆಯೊಳಗಿಂದಲೇ, ನೋವಿನಿಂದಲೇ ಬರಬಹುದು ಅನ್ನೋದಕ್ಕೆ ಅದು ಸಾಕ್ಷಿ. ಅಂದಹಾಗೆ ಅದು ಬಟ್ಟೆಯ ಪುಡಿ. ಅಲ್ಲಿ ಬೆಳ್ಳಗಾಗಬೇಕಾದದ್ದು ಫ್ರಾಕು ಮಾತ್ರ, ಹುಡುಗಿಯಲ್ಲ.

ಮೂರನೆಯವನು ನಮ್ಮ ಮೈಸೂರಿನವರ ಕೈಕೂಸು. ಏಷಿಯನ್ ಪೇಂಟ್ಸ್‌ನ ಗಟ್ಟು. 1954ರಲ್ಲಿ ಅವನನ್ನು ಬರೆದವರು ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, 'ಕೊರವಂಜಿ'ಗೆ ಚಿತ್ರ ಬರೆದವರು. ಗಟ್ಟುವಿನ ಕೂದಲು ಕಣ್ಣ ಮೇಲೆ ಬಿದ್ದಿರುತ್ತದೆ, ಕೈಯಲ್ಲಿ ಬಣ್ಣ ತೊಟ್ಟಿಕ್ಕುವ ಬ್ರಷ್ಷು, ಮುಖದಲ್ಲಿ ಈಗಷ್ಟೇ ಏನೋ ಕಿತಾಪತಿ ಮಾಡಿ ಬಂದ ಕಳೆ. ಈ ಮೂವರಲ್ಲಿ ಕೆಲಸ ಮಾಡುತ್ತಿರುವುದು ಅವನೊಬ್ಬನೇ, ಗಮನಿಸಿ. ಕೈ ಕೊಳೆಯಾಗಿರುವವನೂ ಅವನೊಬ್ಬನೇ. ಬಣ್ಣದ ಡಬ್ಬಿ ಕೊಳ್ಳುವ ಸಾಹೇಬರಿಗಿಂತ ಬಣ್ಣ ಬಳಿಯುವ ಪೇಂಟರನಿಗೆ ಅವನು ಹತ್ತಿರ. ಸುಮಾರು ಅರ್ಧ ಶತಮಾನ ದುಡಿದ ಗಟ್ಟುವಿಗೆ 2002ರ ಹೊತ್ತಿಗೆ ಕಂಪನಿ ನಿವೃತ್ತಿ ಕೊಟ್ಟಿತು. ಆಮೇಲೆ ಜಾಹೀರಾತಿನಲ್ಲಿ ಉಳಿದದ್ದು ಚಂದದ ಮನೆಗಳು, ಅದರೊಳಗೆ ಚಂದದ ಮನೆಯವರು. ಬ್ರಷ್ಷು ಹಿಡಿದವನು ಕಾಣೆ.

ಬಣ್ಣಕ್ಕೂ ಬೆಣ್ಣೆಗೂ ಇದು ನಡೆಯುತ್ತದೆ ಅಂತಿಟ್ಟುಕೊಳ್ಳಿ. ಸೋಪು ಬೇರೆ ಜಾತಿ. ಬೆಣ್ಣೆ ಡಬ್ಬಿಯ ಹುಡುಗಿಯನ್ನು ನೋಡಿ ಯಾರೂ 'ನಾನು ಹೀಗಾಗಬೇಕು' ಅಂದುಕೊಳ್ಳುವುದಿಲ್ಲ. ಸೋಪಿನ ಮೇಲೆ, ಕ್ರೀಮಿನ ಮೇಲೆ ಇರುವ ಮುಖ ಮಾತ್ರ ಕೊಳ್ಳುವವರ ಮುಂದೆ ಹಿಡಿದ ಕನ್ನಡಿ. 'ನೀನು ಹೀಗಿಲ್ಲ, ತಿಕ್ಕಿದರೆ ಹೀಗಾಗುತ್ತೀಯ' ಅನ್ನುತ್ತದೆ. ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಕೆನ್ನೆಗೆ ಗುಲಾಬಿ ಬಣ್ಣ ಹಾಕಿದರೆ ಸಾಕು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ಹೆಸರಿನಿಂದ 'ಫೇರ್' ಬಿದ್ದು 'ಗ್ಲೋ' ಬಂದದ್ದು 2020ರಲ್ಲಿ. ನಲವತ್ತೈದು ವರ್ಷ! ನಮ್ಮ ಅಕ್ಕ ಹುಟ್ಟಿ, ಬೆಳೆದು, ಮದುವೆಗೆ ಮೂರು ಕಡೆಯವರು ಬಂದು 'ಹುಡ್ಗಿ ಒಸಿ ಕಪ್ಪು' ಅಂತ ಹೇಳಿ ಹೋದದ್ದೆಲ್ಲ ಆ ನಲವತ್ತೈದರ ಒಳಗೇ. ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಆ ಟ್ಯೂಬು ಇರುತ್ತಿತ್ತು. ತುದಿಯಿಂದ ಸುರುಳಿ ಸುತ್ತಿ, ಕೊನೆಯ ಹನಿವರೆಗೂ ಹಿಂಡಿರುತ್ತಿತ್ತು. ಅದೆಲ್ಲ ನೆನಪಿದ್ದೂ, ಅವಳೇ ಮಾಡಿದ ಸೋಪಿನ ಮೇಲೆ ಹಾಕಲು ನಾನು ಆರಿಸಿಕೊಂಡು ಹೋದದ್ದು ಆ ಟ್ಯೂಬಿನ ಮೇಲಿನ ಮುಖದ ಕಾರ್ಟೂನ್ ತಂಗಿಯನ್ನು. 'ಯಾರ್ಲಾ ಇವ್ಳು' ಅಂತ ಅವಳು ಕೇಳಿದ್ದಕ್ಕೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಇವಳು ಅಕ್ಕನನ್ನು ನೋಡಲು ಬಂದು ಬೇಡ ಅಂದು ಹೋದವರು ಹುಡುಕುತ್ತಿದ್ದ ಹುಡುಗಿ.

ಹಾಗಾದರೆ ಸೋಪಿಗೆ ಮ್ಯಾಸ್ಕಾಟೇ ಬೇಡವಾ? ಬೇಕು ಅನ್ನೋದಕ್ಕೆ ಅತ್ಯುತ್ತಮ ಉದಾಹರಣೆ ಪ್ರತಿಯೊಬ್ಬ ಕನ್ನಡಿಗನ ಬಚ್ಚಲಿನಲ್ಲೂ ಇದ್ದದ್ದೇ. ಮೈಸೂರ್ ಸ್ಯಾಂಡಲ್ ಸೋಪಿನ ಶರಭ. ಸಿಂಹದ ಮೈ, ಆನೆಯ ತಲೆ.

ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತುಹೋಗಿ, ಮೈಸೂರು ಸಂಸ್ಥಾನದಲ್ಲಿ ಗಂಧದ ಮರ ರಾಶಿ ಬಿದ್ದಾಗ, ಅದರ ಎಣ್ಣೆ ಇಲ್ಲೇ ತೆಗೆಯೋಣ ಅಂತ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಕಾರ್ಖಾನೆ ಶುರು ಮಾಡಿಸಿದ ಕತೆ ನಿಮಗೆ ಗೊತ್ತು. ಆ ಎಣ್ಣೆಯನ್ನು ಸೋಪಿಗೆ ಹೊಂದಿಸಿದ ಕೆಮಿಸ್ಟು ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿ, ಜನರ ಬಾಯಲ್ಲಿ 'ಸೋಪ್ ಶಾಸ್ತ್ರಿ'. ಪೂರ್ತಿ ಹೆಸರು ಸೋಸಲೆ ಗರಳಪುರಿ ಶಾಸ್ತ್ರಿ. ಇದನ್ನು ಓದಿದಾಗ ನನಗಂತೂ ರೋಮಾಂಚನ ಆಯಿತು. ಸೋಸಲೆ ಇರುವುದು ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ. ಗರಳಪುರಿ ಅಂದರೆ ನಂಜನಗೂಡಿನದೇ ಇನ್ನೊಂದು ಹೆಸರು. ಗರಳ ಅಂದರೂ ನಂಜೇ. ನಮ್ಮ ಎರಡೂ ತಾಲ್ಲೂಕನ್ನು ಹೆಸರಿನಲ್ಲೇ ಹೊತ್ತುಕೊಂಡ ಮನುಷ್ಯ ನಾಡಿಗೆಲ್ಲ ಸೋಪು ಕೊಟ್ಟ.

ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಹೂಬಳ್ಳಿಯ ಡಬ್ಬಿ, ಅದರ ಮೇಲೆ ಶರಭ, ಇದೆಲ್ಲ ಅವರದೇ ಆಯ್ಕೆ ಅನ್ನುತ್ತಾರೆ. ಪುರಾಣದ ಶರಭ ಇನ್ನೂ ವಿಚಿತ್ರ, ಎಂಟು ಕಾಲಿನ ಮೃಗ. ಶೈವರ ಕತೆಯಲ್ಲಿ ನರಸಿಂಹನ ಸಿಟ್ಟು ಇಳಿಸಲು ಶಿವ ಎತ್ತಿದ ರೂಪ ಅದು. ಸೋಪಿನ ಮೇಲಿರುವುದು ನಮ್ಮ ದೇವಸ್ಥಾನದ ಕಂಬಗಳಲ್ಲಿ ಕಾಣುವ ಗಜಸಿಂಹದ ಜಾತಿಯದು. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಗಂಡಭೇರುಂಡದ ಎಡಬಲ ನಿಂತಿರುವುದೂ ಇಂಥದೇ ಎರಡು.

ಈ ಪ್ರಾಣಿಯನ್ನು ಸುಮ್ಮನೆ ಹಳೆ ಕಾಲದ್ದು ಅಂತ ತಳ್ಳಬೇಡಿ. ಡಿಸೈನ್ ಅಂತ ನೋಡಿದರೆ ಅದು ಮಾಡಿರುವ ದೊಡ್ಡ ಕೆಲಸ ಒಂದಿದೆ. ಅದು ಯಾರಿಗೂ 'ನನ್ನಂತಾಗು' ಅನ್ನುವುದಿಲ್ಲ. ಸೊಂಡಿಲಿರುವ ಸಿಂಹದ ಹಾಗೆ ಆಗುವುದು ಯಾರಿಂದಲೂ ಆಗದು. ಹಾಗಾಗಿ ಅದರ ಮುಂದೆ ನಿಂತವರು ಯಾರೂ ಕಡಿಮೆಯೂ ಅಲ್ಲ. ಕಪ್ಪಗಿರುವವರು, ಬೆಳ್ಳಗಿರುವವರು, ಗಂಡಸರು, ಹೆಂಗಸರು, ಹಲ್ಲು ಬಿದ್ದ ಅಜ್ಜ, ಮೀಸೆ ಬರದ ಹುಡುಗ, ಎಲ್ಲರೂ ಅದೇ ಸೋಪು ಹಾಕಿಕೊಂಡರು. ಅದು ಮಾರಿದ್ದು ವಾಸನೆಯನ್ನು, ಮುಖವನ್ನಲ್ಲ. ಮೈಸೂರು ಅನ್ನೋ ಊರು ಹೇಗೆ ಘಮ್ಮೆನ್ನುತ್ತದೆ ಅಂತ ಹೇಳಿತು, ನೀನು ಹೇಗೆ ಕಾಣಬೇಕು ಅಂತ ಹೇಳಲಿಲ್ಲ. ನಮ್ಮ ಅಜ್ಜಿ ಯುಗಾದಿಗೆ, ದೀಪಾವಳಿಗೆ ಮಾತ್ರ ಅದನ್ನು ಬಿಚ್ಚುತ್ತಿದ್ದರು. ಮುಗಿದ ಮೇಲೆ ಖಾಲಿ ಡಬ್ಬಿಯನ್ನು ಸೀರೆ ಮಡಿಕೆಯಲ್ಲಿ ಇಡುತ್ತಿದ್ದರು. ಯಾವ ಟ್ಯೂಬನ್ನು ಯಾರು ಹಾಗೆ ಇಟ್ಟಿದ್ದಾರೆ ಹೇಳಿ?

ಕೊರತೆಯೂ ಇದೆ. ಶರಭ ಅರಮನೆಯ ಕಡೆಯ ಪ್ರಾಣಿ. ಗಾಂಭೀರ್ಯ ಇದೆ, ತಮಾಷೆ ಇಲ್ಲ. ಸೋಪು ಮಾಡಿದ ಕೂಲಿಯವನೂ ಅದರಲ್ಲಿ ಕಾಣುವುದಿಲ್ಲ, ಗಂಧದ ಮರ ಕಡಿದವನೂ ಕಾಣುವುದಿಲ್ಲ. ಅದು ಸಂಸ್ಥಾನದ ಮುದ್ರೆ. ನಾಲ್ಕು ಜನ ಹೆಂಗಸರು ಹಿತ್ತಲಲ್ಲಿ ಮಾಡುವ ಸೋಪಿಗೆ ಅಂಥದ್ದು ಹಾಕಿದರೆ ಬಾಡಿಗೆಗೆ ತಂದ ಮೈಸೂರು ಪೇಟದ ಹಾಗೆ ಕಂಡೀತು.

2025ರ ಮೇ ತಿಂಗಳಲ್ಲಿ ಇದೇ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿ, ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಅಂತ ಸುದ್ದಿ ಬಂದಾಗ ನಮ್ಮಲ್ಲಿ ಎಷ್ಟು ಜಗಳ ಆಯಿತು, ನೆನಪಿದೆಯಾ? ಕನ್ನಡದ ನಟಿ ಇರಲಿಲ್ಲವಾ ಅಂತ ಒಂದು ಕಡೆ, ಹೊರರಾಜ್ಯದ ಮಾರುಕಟ್ಟೆ ಬೇಕಲ್ಲ ಅಂತ ಇನ್ನೊಂದು ಕಡೆ. ನಾನೂ ಆಫೀಸ್ ಕ್ಯಾಂಟೀನಿನಲ್ಲಿ ಜೋರಾಗಿ ವಾದ ಮಾಡಿದ್ದೆ. ಈಗ ಯೋಚಿಸಿದರೆ, ಎರಡೂ ಕಡೆಯವರು ಒಂದು ವಿಷಯದಲ್ಲಿ ಒಂದೇ. ಜಗಳವೆಲ್ಲ ಯಾರ ಮುಖ ಅನ್ನೋದರ ಮೇಲೆ. ನೂರು ವರ್ಷ ಹೆಂಗಸಿನ ಮುಖವೊಂದನ್ನು ಡಬ್ಬಿ ಮೇಲೆ ಹಾಕದೆ ಗೆದ್ದ ಸೋಪಿಗೆ ಮುಖ ಯಾಕೆ ಬೇಕು ಅಂತ ನಾವ್ಯಾರೂ ಕೇಳಲಿಲ್ಲ.

ನಮ್ಮ ತಾಲ್ಲೂಕಿನಲ್ಲೇ ಇನ್ನೊಂದು ಪಾಠ ಇದೆ. ನಂಜನಗೂಡು ಹಲ್ಲುಪುಡಿ. 1913ರಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯ ಪುಡಿ. ನನಗೆ ಅದರ ಪೊಟ್ಟಣದ ಚಿತ್ರ ನೆನಪಿಲ್ಲ. ನೆನಪಿರುವುದು ಬೆರಳಿಗೆ ಅಂಟುವ ಗುಲಾಬಿ ಬಣ್ಣ, ಮತ್ತು ಹೆಸರು. ಊರಿನ ಹೆಸರೇ ಅದರ ಗುರುತು. 'ನಂಜನಗೂಡು' ಅಂದರೆ ಸಾಕಿತ್ತು, ಉಜ್ಜುವ ಪುಡಿಯೂ ಅದೇ, ರಸಬಾಳೆಯೂ ಅದೇ. ಬಣ್ಣ, ವಾಸನೆ, ಊರು ಇಷ್ಟರಲ್ಲೇ ಒಂದು ವಸ್ತು ನೂರು ವರ್ಷ ಜನರ ಕೈಯಲ್ಲಿ ಇರಬಹುದು ಅಂತಾದರೆ, ಮ್ಯಾಸ್ಕಾಟ್ ಅನ್ನೋದು ಹಾಕಲೇಬೇಕಾದದ್ದಲ್ಲ. ಹಾಕುವುದಾದರೆ ಅದು ಬಣ್ಣ, ವಾಸನೆ, ಊರು ಹೇಳಲಾಗದ ಏನನ್ನಾದರೂ ಹೇಳಬೇಕು.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ಎರಡು ವಾರ ಬಿಟ್ಟು ಮತ್ತೆ ಊರಿಗೆ ಹೋದೆ. ಈ ಸಲ ಎಐ ಇಲ್ಲ, ಒಂದು ನೋಟ್‌ಬುಕ್ಕು, ಎರಡು ಐಡಿಯಾ.

ಮೊದಲನೆಯದು ಗುಲಗಂಜಿ. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಹೆಸರಿನಲ್ಲೇ ಅದು ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅನ್ನೋ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೆಂಪು ಮೈ, ಕಪ್ಪು ಕಣ್ಣು, ಎರಡೇ ಬಣ್ಣ, ಪ್ರಿಂಟಿಂಗ್ ಅಗ್ಗ. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು.

"ಅದು ವಿಷ ಕಣ್ಲಾ. ಮೈಗಾಕೋ ಸಾಮಾನ್ ಮ್ಯಾಲೆ ವಿಷದ ಕಾಯಿ ಬರೀತೀಯಾ?"

ಹೌದಲ್ಲ! ಗುಲಗಂಜಿ ಬೀಜ ನಿಜಕ್ಕೂ ವಿಷ. ಎಂಟು ಸಾಲಿನ ಕಾನ್ಸೆಪ್ಟ್ ನೋಟ್ ಬರೆದಿದ್ದೆ, ಇದೊಂದು ಹೊಳೆದಿರಲಿಲ್ಲ.

ಎರಡನೆಯದು ಎಮ್ಮೆ. ನನಗೆ ತುಂಬಾ ಇಷ್ಟವಾಗಿದ್ದ ಐಡಿಯಾ. ಕಪಿಲೆಯಲ್ಲಿ ಮುಳುಗಿ ಎದ್ದ, ಮಿರಮಿರ ಮಿಂಚುವ ಕಪ್ಪು ಎಮ್ಮೆ. ಸ್ನಾನ ಅಂದರೆ ಅದಕ್ಕಿಂತ ಪ್ರೀತಿಸುವ ಪ್ರಾಣಿ ಯಾವುದಿದೆ? ಕಪ್ಪನ್ನೇ ಹೆಮ್ಮೆಯಿಂದ ತೋರಿಸುವ ಸೋಪು! ನನ್ನ ಟೀಮಿನವರಿಗೆ ತೋರಿಸಿದಾಗ ಎಲ್ಲರೂ 'ಸಖತ್' ಅಂದಿದ್ದರು. ಅಕ್ಕ ಚಿತ್ರವನ್ನು ತುಂಬಾ ಹೊತ್ತು ನೋಡಿದಳು.

"ಬೆಂಗ್ಳೂರಲ್ ಕೂತು ನೀನ್ ನಗಬೋದು ಕಣಪ್ಪ. ಇಸ್ಕೂಲಲ್ಲಿ ಎಮ್ಮೆ ಅನ್ನಿಸ್ಕೊಂಡೋಳು ನಾನು."

ನನಗೆ ಅದು ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಗೊತ್ತಿರಲಿಲ್ಲ. ಬಹುಶಃ ನಾನೂ ಅಂದಿರಬಹುದು, ಮರೆತಿರಬಹುದು.

ಗುಲಾಬಿ ಕೆನ್ನೆಯ ಹುಡುಗಿಯಷ್ಟೇ ಎಮ್ಮೆಯೂ ತಪ್ಪು ಅಂತ ಆಗ ಅರ್ಥವಾಯಿತು. ಒಂದು ಅವಳನ್ನು ಮುಚ್ಚಿಹಾಕುತ್ತದೆ, ಇನ್ನೊಂದು ಅವಳನ್ನೇ ಪ್ರದರ್ಶನಕ್ಕೆ ಇಡುತ್ತದೆ. ಎರಡರಲ್ಲೂ ತೀರ್ಮಾನ ಮಾಡಿದವನು ನಾನು. ಅವಮಾನದ ಮಾತನ್ನು ಹೆಮ್ಮೆಯ ಮಾತಾಗಿ ತಿರುಗಿಸಬಹುದು, ಆದರೆ ಅದನ್ನು ಅನ್ನಿಸಿಕೊಂಡವರು ತಿರುಗಿಸಬೇಕು. ಅವರ ಪರವಾಗಿ ಬೇರೆಯವರು ತಿರುಗಿಸಿದರೆ ಅದು ಇನ್ನೊಂದು ಸಲ ಅಂದ ಹಾಗೆ. ಒಳ್ಳೆಯ ಉದ್ದೇಶದ ಬ್ರ್ಯಾಂಡುಗಳು, ಬುಡಕಟ್ಟಿನ ಹೆಂಗಸಿನ ಸುಕ್ಕು ಮುಖವನ್ನು ದೊಡ್ಡದಾಗಿ ಹಾಕಿ ಸೋಪಿಗೆ ನಾನೂರು ರೂಪಾಯಿ ಇಡುವ ಅಂಗಡಿಗಳು, ಮಾಡುವ ತಪ್ಪೂ ಇದೇ. ಮ್ಯಾಸ್ಕಾಟಿಗೆ ನನ್ನ ಪಾಲಿಗೆ ಈಗ ಒಂದೇ ಪರೀಕ್ಷೆ. ಮಾಡಿದವರು ಸಂತೆಯಲ್ಲಿ ಟೇಬಲ್ಲು ಹಾಕಿದಾಗ, ಆ ಚಿತ್ರದ ಪಕ್ಕದಲ್ಲಿ ಮುಜುಗರ ಇಲ್ಲದೆ ನಿಲ್ಲಬಲ್ಲರಾ?

ಅಷ್ಟರಲ್ಲಿ ಬಚ್ಚಲಿನಿಂದ ಅಕ್ಕನ ಮಗಳು ಓಡಿ ಬಂದಳು. ಎರಡನೇ ಕ್ಲಾಸು. ತಲೆ ಒದ್ದೆ, ಬೆನ್ನು ಒಣಗಿದೆ.

"ಏನೇ ಅದು, ಮತ್ತೆ ಕಾಗೆ ಸ್ನಾನನಾ? ನಡಿ ಒಳಿಕ್ಕೆ!" ಅಂತ ಅಕ್ಕ ಗದರಿದಳು.

ದಿನಾ ಬೆಳಗ್ಗೆ ಆ ಮನೆಯಲ್ಲಿ ಕೇಳುವ ಮಾತು. ನಮ್ಮಮ್ಮ ನಮಗೆ ಅಂದಿದ್ದು, ಅಜ್ಜಿ ಅಮ್ಮನಿಗೆ ಅಂದಿದ್ದು. ಹುಡುಗಿ ನನ್ನ ನೋಟ್‌ಬುಕ್ಕಿನ ಎಮ್ಮೆ ನೋಡಿ, "ಮಾವ, ಕಾಗೆ ಬರಿ" ಅಂದಳು. ಸುಮ್ಮನೆ ಬರೆದೆ. ತಲೆ ಮೇಲೆ ಎರಡು ಹನಿ ನೀರು, ಒಂದು ಕಣ್ಣಲ್ಲಿ ಕಳ್ಳ ನೋಟ, ಬಚ್ಚಲಿನಿಂದ ತಪ್ಪಿಸಿಕೊಂಡು ಹೊರಟ ಕಾಗೆ. ಅಕ್ಕ ಬಗ್ಗಿ ನೋಡಿದಳು. ನಕ್ಕಳು. ಆ ಎರಡು ವಾರದಲ್ಲಿ ಮೊದಲ ಸಲ.

"ಇದು ನಮ್ಮನೇದು" ಅಂದಳು.

ಕಾಗೆಯೂ ಕಪ್ಪೇ ಅಲ್ವಾ, ಎಮ್ಮೆಗೂ ಅದಕ್ಕೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು, ನಾನೂ ಕೇಳಿಕೊಂಡೆ. ಎಮ್ಮೆ ಅವಳಿಗೆ ಬೇರೆಯವರು ಅಂದ ಮಾತು. ಕಾಗೆ ಸ್ನಾನ ಅವಳೇ ದಿನಾ ಆಡುವ ಮಾತು. ತಮಾಷೆಯ ಜುಟ್ಟು ಅವಳ ಕೈಯಲ್ಲಿದೆ. ಮತ್ತೆ ಆ ಮಾತು ಬಣ್ಣದ ಬಗ್ಗೆ ಅಲ್ಲವೇ ಅಲ್ಲ, ಸೋಮಾರಿತನದ ಬಗ್ಗೆ. ಸರಿಯಾಗಿ ಸ್ನಾನ ಮಾಡು ಅನ್ನುತ್ತದೆ, ಬೆಳ್ಳಗಾಗು ಅನ್ನುವುದಿಲ್ಲ. ಎಷ್ಟು ತಿಕ್ಕಿದರೂ ಕಾಗೆ ಕಾಗೆಯೇ, ಅದು ಎಲ್ಲರಿಗೂ ಗೊತ್ತು, ಕಾಗೆಗೂ ಗೊತ್ತು.

ಎಲ್ಲರೂ ಒಪ್ಪಿದರು ಅಂತ ಸುಳ್ಳು ಹೇಳಲಾರೆ. ಅಕ್ಕನ ಅತ್ತೆ ಕೆಂಡವಾದರು. ಸೋಪಿನ ಮೇಲೆ ಶನಿಯ ವಾಹನವಾ? ಕಾಗೆ ಮೈಗೆ ತಾಗಿದರೆ ತಲೆಗೆ ನೀರು ಹುಯ್ಕೋಬೇಕು, ಗೊತ್ತಿಲ್ವಾ? "ಅದ್ಕೇಯ ಅತ್ತೆ ಸೋಪು" ಅಂದಳು ಅಕ್ಕ. ಜೊತೆಯ ಹೆಂಗಸರಲ್ಲಿ ಒಬ್ಬರು ಇನ್ನೂ ಒಪ್ಪಿಲ್ಲ, ಹೂವೇ ಚಂದ ಅನ್ನುತ್ತಾರೆ. ನನ್ನದೂ ಒಂದು ಅನುಮಾನ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳಿಗೆ 'ಕಾಗೆ ಸ್ನಾನ' ಅಂದರೆ ಏನು ಅಂತ ಅವರಮ್ಮ ಹೇಳಿಕೊಡಬೇಕಾದೀತು. ಆದರೆ ಒಂದು ಸೋಪು ಒಂದು ಮನೆಗೆ ಕನ್ನಡದ ಒಂದು ಬೈಗುಳ ವಾಪಸ್ ಕೊಟ್ಟರೆ ಅದೇನು ಕಡಿಮೆ ಲಾಭವಾ?

ವ್ಯಾಪಾರ ಇನ್ನೂ ಶುರುವಾಗಿಲ್ಲ. ಹ್ಯಾಂಡ್‌ಮೇಡ್ ಅಂದ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ಸೋಪು ಮಾಡಲು ಲೈಸೆನ್ಸ್ ಬೇಕು. ಅದರ ಕಾಗದಪತ್ರ ನಡೆಯುತ್ತಿದೆ, ಅಲ್ಲಿಯವರೆಗೆ ಸೋಪು ನೆಂಟರಿಷ್ಟರಿಗೆ ಮಾತ್ರ. ಆಮೇಲೂ ಪೊಟ್ಟಣದ ಮೇಲೆ ಮಾಡಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಏನೇನು ಹಾಕಿದೆ, ಯಾವಾಗಿನೊಳಗೆ ಬಳಸಬೇಕು, ತೂಕ, ಬೆಲೆ ಎಲ್ಲ ಬರೆದ ಮೇಲೆ ಮ್ಯಾಸ್ಕಾಟಿಗೆ ಉಳಿಯುವ ಜಾಗ ಒಂದು ಹೆಬ್ಬೆಟ್ಟಿನಷ್ಟು. ಅಷ್ಟು ಸಣ್ಣದರಲ್ಲಿ ಗುಲಾಬಿ ಕೆನ್ನೆ, ನೊರೆಗುಳ್ಳೆ, ಮಲ್ಲಿಗೆ ಎಲ್ಲ ಕಲಸಿಹೋಗುತ್ತಿತ್ತು. ಕಾಗೆ ನಿಲ್ಲುತ್ತದೆ.

ಕಳೆದ ತಿಂಗಳು ನಂಜನಗೂಡಿನಲ್ಲಿ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ತಂದೆ. ಕಂದು ಕಾಗದದಲ್ಲಿ ಸುತ್ತಿದ ಸೋಪಿನ ಮೇಲೆ ಅಕ್ಕ ತಾನೇ ಒತ್ತಿ ನೋಡಿದಳು. ಎಡಗಡೆ ರೆಕ್ಕೆ ಸರಿಯಾಗಿ ಮೂಡಲಿಲ್ಲ, ಇಂಕು ಹರಡಿ ನೀರಿಳಿದ ಹಾಗಾಯಿತು. ಹೊಸದು ಮಾಡಿಸಿಕೊಡ್ತೀನಿ ಕೊಡಕ್ಕ ಅಂದೆ.

"ಇರ್ಲಿ ಬುಡ್ಲಾ" ಅಂದಳು. "ನೆಂದಿರೋ ಕಾಗೆ ಇನ್ನೆಂಗಿರ್ತದೆ?"